ನಿಕ್ಷಾನ ನದಿ: ಹಳೆಯ ಉಳಿಯ ಸೀಳು

ಸೀಳು ತನ್ನ ಕೈಯದೇ. ಅದರಲ್ಲಿ ಲುಕ್ಷಾನಿಗೆ ಅನುಮಾನವಿರಲಿಲ್ಲ. ಆದರೆ ಈ ಪತ್ರವನ್ನು ಅವನು ಸೀಳಿರಲಿಲ್ಲ.

“ಏನಯ್ಯ, ಪತ್ರ ನೋಡ್ತಿದೀಯೋ, ಜಾತಕ ಓದ್ತಿದೀಯೋ?” ಎಂದರು ಮೇಜಿನ ಆಚೆ ಕೂತಿದ್ದ ಒರ್ಸಾತ್ ಧಣಿ.

ಲುಕ್ಷಾ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದ. ದುಬ್ರೊವ್ನಿಕ್ ಕೋಟೆಯ ಹೊರಗೆ, ಸಮುದ್ರಕ್ಕೆ ಅಂಟಿಕೊಂಡಿದ್ದ ನಲವತ್ತರ ಮನೆಯಲ್ಲಿ ಇದ್ದದ್ದು ಅದೊಂದೇ ಕಿಟಕಿ. ಗುಡ್ಡದಾಚೆಯ ತುರ್ಕರ ಸೀಮೆಯಿಂದ ಬಂದವರು ಪಿಡುಗಿನ ಭಯಕ್ಕೆ ಅಲ್ಲಿ ನಲವತ್ತು ದಿನ ಕೂತು ಊರೊಳಗೆ ಹೋಗಬೇಕು. ಅವರ ಜೊತೆ ಬಂದ ಪತ್ರಗಳಿಗೆ ಅಷ್ಟು ಕಾಯುವ ಶಿಕ್ಷೆಯಿಲ್ಲ. ಇಕ್ಕಳದಲ್ಲಿ ಹಿಡಿದು, ಮಡಿಕೆ ಬಿಚ್ಚದೆ ಉಳಿಯಿಂದ ಎರಡು ಸೀಳು ಹಾಕಿ, ವಿನೆಗರ್‌ನಲ್ಲಿ ಅದ್ದಿ, ಗಂಧಕದ ಹೊಗೆ ತೋರಿಸಿದರೆ ಆಯಿತು. ಇಪ್ಪತ್ತೆರಡು ವರ್ಷ ಅದೇ ಕೆಲಸ ಮಾಡಿ ಲುಕ್ಷಾನ ಬೆರಳ ತುದಿಗಳು ಹಳದಿಯಾಗಿದ್ದವು.

ಈ ಪತ್ರ ಹೋದ ಗುರುವಾರ ಶುದ್ಧಿಯಾದ ಪತ್ರಗಳ ತಟ್ಟೆಯಲ್ಲಿ ಸಿಕ್ಕಿತ್ತು. ಗುಡ್ಡದಾಚೆಯ ಮಠದ ಸನ್ಯಾಸಿಯೊಬ್ಬ ಊರಿನ ಸಭೆಗೆ ಬರೆದದ್ದು. ವಿಷಯ ನಾಲ್ಕೇ ಸಾಲು, ಆಗಲೇ ಊರೆಲ್ಲ ಹಬ್ಬಿದ್ದು. ನೆಲದಡಿಯ ನದಿ ಹುಡುಕುತ್ತ ಏಳು ವರ್ಷದ ಹಿಂದೆ ನಿಮ್ಮೂರಿನಿಂದ ಬಂದ ನಿಕ್ಷಾ ಬರಿಚ್ ಎಂಬಾತ ಕಳೆದ ದ್ರಾಕ್ಷಿ ಕೊಯ್ಲಿನ ಹೊತ್ತಿಗೆ ಜ್ವರ ಬಂದು ತೀರಿಕೊಂಡ. ನಮ್ಮ ಮಠದ ಗೋಡೆಯ ಬದಿಯಲ್ಲೇ ಹೂಳಿದ್ದೇವೆ. ದೇವರು ಅವನಿಗೆ ಶಾಂತಿ ಕೊಡಲಿ.

“ನಾಳೆ ಒಂಬತ್ತರ ಗಂಟೆ ಹೊಡೆದಾಗ ಸಭೆ ಎದುರು ನಿಂತು ‘ಇದು ನನ್ನ ಕೈ ದಾಟಿ ಬಂದ ಪತ್ರ’ ಅಂತ ಒಂದು ಮಾತು ಹೇಳು,” ಎಂದರು ಧಣಿ. “ಅಷ್ಟೇ. ಅವನ ಹೆಂಡ್ತಿ ದೆಶಾ ಕರಿಬಟ್ಟೆ ಉಟ್ಕೊಳ್ಳಲಿ. ಅವನ ನಕ್ಷೆ, ಟಿಪ್ಪಣಿ ಪುಸ್ತಕ ಒಪ್ಪಂದದಂತೆ ನನಗೆ ಬರಲಿ. ಎಲ್ಲರೂ ಒಂದು ದಡ ಸೇರೋಣ.”

“ನನ್ನ ಕೈ ದಾಟಿಲ್ಲ ಅಂದ್ರೆ, ಧಣಿ?”

“ಅಂದ್ರೆ ಯಾರೋ ಪಿಡುಗಿನ ಕಟ್ಟಳೇಲಿ ಮೋಸ ಮಾಡಿದಾರೆ ಅಂತಾಯ್ತು. ಅಂಥೋರು ನೆಲಮಾಳಿಗೆ ಸೆರೆಯಿಂದ ತಮ್ಮ ಕಾಲ ಮೇಲೆ ನಡ್ಕೊಂಡು ಬಂದದ್ದು ನಾನಂತೂ ನೋಡಿಲ್ಲ.” ಧಣಿ ಎದ್ದು ಮೇಲಂಗಿ ಕೊಡವಿಕೊಂಡರು. “ಕ್ರಿಸ್ಮಸ್‌ನಲ್ಲಿ ಆ ಬಾಲದ ಚುಕ್ಕಿ ಅರ್ಧ ಆಕಾಶ ತುಂಬಿದಾಗಲೇ ಅಂದ್ಕೊಂಡೆ, ಯಾರದೋ ಸುದ್ದಿ ಬರುತ್ತೆ ಅಂತ. ಅಂಥ ಬಾಲ ನಮ್ಮಜ್ಜನೂ ಕಂಡಿರಲಿಲ್ಲ.”

ಧಣಿ ಹೋದ ಮೇಲೆ ಲುಕ್ಷಾ ಬಾಗಿಲು ಹಾಕಿ ಮತ್ತೆ ಹಾಳೆ ಬಿಚ್ಚಿದ.

ಸೀಳಿನ ಎಡತುದಿಯಲ್ಲಿ ಅಕ್ಕಿನುಚ್ಚಿನಷ್ಟು ಎಳೆ ಕತ್ತರಿಸದೆ ಉಳಿದಿತ್ತು. ಅವನ ಹಳೆಯ ಉಳಿಗೆ ಆ ಮೂಲೆಯಲ್ಲಿ ಮುಕ್ಕು ಇತ್ತು. ಆ ಉಳಿ ಕೈಜಾರಿ ಸಮುದ್ರಕ್ಕೆ ಬಿದ್ದು ಆರು ವರ್ಷವಾಗಿದೆ. ಈಗಿನ ಉಳಿಯ ಸೀಳು ನೂಲು ಹಿಡಿದಂತೆ ನೇರ.

ಇನ್ನೊಂದು ಸಂಗತಿ ಅದಕ್ಕಿಂತ ಸರಳವಾಗಿತ್ತು. ಮಡಿಸಿದ ಪತ್ರವನ್ನು ಸೀಳಿದರೆ ಅಕ್ಷರಗಳೂ ಸೀಳುತ್ತವೆ. ಕಣ್ಣು ಒಂದೆಡೆ, ಕಾಲು ಇನ್ನೊಂದೆಡೆ. ಇಲ್ಲಿ ಒಂದಕ್ಷರಕ್ಕೂ ಗಾಯವಾಗಿರಲಿಲ್ಲ. ಹರಿದ ಚಾಪೆಯ ತೂತು ತಪ್ಪಿಸಿ ಕಾಲಿಡುವವರಂತೆ ಸಾಲುಗಳು ಸೀಳಿನ ಬಳಿ ಬಂದು ಪಕ್ಕಕ್ಕೆ ಸರಿದಿದ್ದವು. ಹಾಳೆ ಮೊದಲು ಸೀಳಿದೆ, ಬರೆದದ್ದು ಆಮೇಲೆ.

ಅಂದರೆ ಇದು ಆರು ವರ್ಷಕ್ಕೂ ಹಿಂದೆ ಗುಡ್ಡದಾಚೆಯಿಂದ ಬಂದ ಯಾವುದೋ ಪತ್ರದ ಖಾಲಿ ಅರ್ಧ. ಅರ್ಧ ಹಾಳೆ ಬರೆದು ಅರ್ಧ ಹಾಗೇ ಬಿಡುವ ದುಂದುಗಾರ ಈ ಊರಿನಲ್ಲಿ ಒಬ್ಬನೇ ಇದ್ದ, ನಿಕ್ಷಾ. ಊರು ಬಿಟ್ಟ ಮೊದಲ ವರ್ಷ ಅವನು ಇಬ್ಬರಿಗೆ ಮಾತ್ರ ಬರೆದಿದ್ದ. ಒಬ್ಬರು ಅವನ ಪ್ರಯಾಣದ ಖರ್ಚು ಹೊತ್ತ ಒರ್ಸಾತ್ ಧಣಿ. ಇನ್ನೊಬ್ಬಳು ಹೆಂಡತಿ ದೆಶಾ.

ಗುರುವಾರ ಧಣಿ ಎರಡು ಸಲ ಈ ಕೋಣೆಗೆ ಬಂದುಹೋಗಿದ್ದರು. ಪತ್ರ ನಿಜವೆಂದಾದರೆ ಪುಸ್ತಕಗಳು ಸಿಗುವುದೂ ಅವರಿಗೇ. ಲುಕ್ಷಾ ಲೆಕ್ಕ ಮುಗಿಸಿದ. ಗಂಡನ ಸಾವನ್ನು ಹೆಂಡತಿ ತನ್ನ ಕೈಯಾರೆ ಬರೆಯುತ್ತಾಳೆಯೇ?

ಲೆಕ್ಕ ಮುಗಿದರೂ ಅವನು ತುಂಬ ಹೊತ್ತು ಕೂತೇ ಇದ್ದ. ಗುರುವಾರ ಈ ನಾಲ್ಕು ಸಾಲು ಓದಿದಾಗ ಅವನ ಎದೆ ಹಗುರಾಗಿತ್ತು. ಗೆಳೆಯ ಸತ್ತ ಸುದ್ದಿಗೆ ಎದೆ ಹಗುರಾಗುವುದೆಂದರೇನು? ಅಂದಿನಿಂದ ಅವನಿಗೆ ತನ್ನ ಮುಖವೇ ಹೇಸಿಗೆಯಾಗಿತ್ತು. ಈಗ ಪತ್ರ ಸುಳ್ಳೆಂದು ಗೊತ್ತಾದ ಮೇಲೆ, ಆ ಸುದ್ದಿಯನ್ನು ಮೊದಲು ದೆಶಾಳಿಗೆ ತಲುಪಿಸುವುದೇ ತನಗೆ ತಾನು ಹಾಕಿಕೊಳ್ಳುವ ದಂಡ ಎನಿಸಿತು. ಅವನು ಪತ್ರವನ್ನು ಒಳಅಂಗಿಗೆ ಸೇರಿಸಿ ದೆಶಾಳ ಗಿರಣಿಗೆ ದೋಣಿ ಹತ್ತಿದ.

*

ಓಂಬ್ಲಾ ನದಿ ಎಳೆತನವೇ ಕಾಣದೆ ಹುಟ್ಟಿದ ನದಿ. ಬಂಡೆಯ ಬುಡದಿಂದ ಪೂರ್ತಿ ಬೆಳೆದೇ ಹೊರಗೆ ಬರುತ್ತದೆ, ಗಿರಣಿಯ ಚಕ್ರ ತಿರುಗಿಸುತ್ತದೆ, ಒಂದು ಹರಿದಾರಿ ಹರಿಯುವಷ್ಟರಲ್ಲಿ ಸಮುದ್ರ ಸೇರುತ್ತದೆ. ಈ ನೀರು ಎಲ್ಲಿಂದ ಬರುತ್ತದೆ ಎಂದು ಕೇಳಿದರೆ ಊರಿನ ಪಂಡಿತರು ಸಮುದ್ರದ ನೀರೇ ಉಪ್ಪು ಕಳೆದುಕೊಂಡು ಮೇಲೇರುತ್ತದೆ ಎನ್ನುತ್ತಿದ್ದರು. ನಿಕ್ಷಾ ಒಬ್ಬ ಅಲ್ಲವೆಂದ. ಗುಡ್ಡದಾಚೆ ಒಂದು ನದಿ ಹರಿಯುತ್ತ ಹರಿಯುತ್ತ ನೆಲದ ಬಾಯಿಗೆ ಬಿದ್ದು ಕಾಣೆಯಾಗುತ್ತದೆ, ಅದೇ ನೀರು ಇದು ಎಂದ. ಎಲ್ಲರೂ ನಕ್ಕರು.

ರುಜುವಾತಿಗೆಂದು ನಲವತ್ತು ಮರದ ಬಿಲ್ಲೆ ಬೇಕೆಂದು ಅವನು ಕೇಳಿದ್ದು ಲುಕ್ಷಾನನ್ನೇ. “ಮನುಷ್ಯನಿಗೆ ನಲವತ್ತು ದಿನ, ನದಿಗೆ ನಲವತ್ತು ಬಿಲ್ಲೆ,” ಎಂದು ನಗಾಡಿದ್ದ. ಲುಕ್ಷಾ ಗಟ್ಟಿ ಮರ ಕೊಯ್ದು, ಒಂದೊಂದಕ್ಕೂ ಕಾಯಿಸಿದ ಕಬ್ಬಿಣದಿಂದ ಒಂದರಿಂದ ನಲವತ್ತರ ತನಕ ಅಂಕಿ ಸುಟ್ಟುಕೊಟ್ಟಿದ್ದ. ನಿಕ್ಷಾ ಅಲ್ಲಿ ನೆಲದ ಬಾಯಿಗೆ ಹಾಕಬೇಕು. ದೆಶಾ ಇಲ್ಲಿ ಗಿರಣಿಯ ಕಾಲುವೆಗೆ ಅಡ್ಡ ಹಾಕಿದ ಕಂಬಿಗಳಲ್ಲಿ ಹಿಡಿಯಬೇಕು.

ಏಳು ವರ್ಷದಲ್ಲಿ ಒಂದೂ ಬಂದಿರಲಿಲ್ಲ. ದೆಶಾ ಹಾಗೆಂದಿದ್ದಳು. ಊರಿಗೆ ಅದೊಂದು ಗಾದೆಯಾಗಿತ್ತು. ಲುಕ್ಷಾನನ್ನು ಯಾರಾದರೂ ಮದುವೆ ಯಾವಾಗಯ್ಯ ಎಂದು ಕೇಳಿದರೆ, ಪಕ್ಕದವನು ಅವನ ಪರವಾಗಿ “ನಿಕ್ಷಾನ ಬಿಲ್ಲೆ ಬಂದಾಗ” ಎಂದುಬಿಡುತ್ತಿದ್ದ.

ಅವನು ಗಿರಣಿಯೊಳಗೆ ಕಾಲಿಟ್ಟಾಗ ದೆಶಾ ಹಿಟ್ಟಿನ ಚೀಲದ ಬಾಯಿ ಕಟ್ಟುತ್ತಿದ್ದಳು. ಹುಬ್ಬು ರೆಪ್ಪೆಗಳ ಮೇಲೆಲ್ಲ ಹಿಟ್ಟು ಕೂತಿತ್ತು. ನಲವತ್ತರ ಗಡಿ ದಾಟಿದ ಹೆಂಗಸು, ಹಿಟ್ಟಿನಲ್ಲಿ ಇನ್ನೂ ಹತ್ತು ವರ್ಷ ಹೆಚ್ಚಾಗಿ ಕಾಣುತ್ತಿದ್ದಳು. ಲುಕ್ಷಾನಿಗೆ ಮಾತ್ರ ಅವಳು ಹತ್ತೊಂಬತ್ತರಲ್ಲಿ ಹೇಗಿದ್ದಳೋ ಹಾಗೇ ಕಂಡಳು. ಅವನ ಕಣ್ಣಿಗೆ ಅದೊಂದು ಹಳೆಯ ರೋಗ.

“ಭಾನುವಾರ ಅಲ್ಲದೆ ಇವತ್ತೇ ಬಂದುಬಿಟ್ಟೆ? ಊರಿಗೇನು ಬೆಂಕಿ ಬಿತ್ತಾ?”

“ಒಂದು ಸುದ್ದಿ ಇತ್ತು.”

“ಹೊಟ್ಟೆ ತುಂಬಿಸ್ಕೊಂಡು ಹೇಳು. ಹಸಿದವನ ಬಾಯಲ್ಲಿ ಸುದ್ದೀನೂ ಸೊರಗಿರುತ್ತೆ.”

ಅವಳು ರೊಟ್ಟಿ ಮುರಿದಿಟ್ಟಳು. ಗೋಡೆಯ ಹಲಗೆಯ ಮೇಲೆ ಎರಡು ಭರಣಿಗಳಿದ್ದವು. ಚಿಕ್ಕದರಿಂದ ಉಪ್ಪಿನಕಾಯಿ ತೆಗೆದು ಬಡಿಸಿದಳು; ಸಮುದ್ರದ ಬಂಡೆಸಂದಿಯಲ್ಲಿ ಬೆಳೆಯುವ ದಪ್ಪ ಎಲೆಯ ಸೊಪ್ಪನ್ನು ವಿನೆಗರ್‌ನಲ್ಲಿ ನೆನೆಸಿದ್ದು. ದೊಡ್ಡ ಭರಣಿಯ ಬಾಯಿಗೆ ಬಟ್ಟೆ ಬಿಗಿದಿತ್ತು. ಅದರದ್ದು ಬಡಿಸು ಎಂದು ಅವನು ಹಿಂದೊಮ್ಮೆ ಕೇಳಿದ್ದ. “ಅದಿನ್ನೂ ಪಕ್ವ ಆಗಿಲ್ಲ,” ಎಂದಿದ್ದಳು. ಆಮೇಲೆ ಪ್ರತಿ ವರ್ಷವೂ ಅದೇ ಉತ್ತರ. ನಿನ್ನ ಉಪ್ಪಿನಕಾಯಿ ನನಗಿಂತ ಸೋಮಾರಿ ಎಂದು ಅವನು ತಮಾಷೆ ಮಾಡುವುದೂ ಬಿಟ್ಟಿದ್ದ.

“ಪತ್ರ ಸುಳ್ಳು, ದೆಶಾ,” ಎಂದ. “ನಿಕ್ಷಾ ಸತ್ತಿದಾನೆ ಅನ್ನೋದಕ್ಕೆ ಆಧಾರ ಇಲ್ಲ. ಯಾರೋ ಹಳೇ ಹಾಳೆ ಮೇಲೆ ಬರೆದು ತಟ್ಟೇಲಿ ಸೇರಿಸಿದಾರೆ. ಒರ್ಸಾತ್ ಧಣೀನೇ ಇರಬೇಕು.”

ಅವಳ ಮುಖದಲ್ಲಿ ಸಂತೋಷ ಮೂಡುತ್ತದೆಂದು ಅವನು ಕಾದ. ಆ ಸಂತೋಷವನ್ನು ನೋಡಿ ಸಹಿಸಿಕೊಳ್ಳಲು ದೋಣಿಯಲ್ಲಿ ಬರುವಾಗಲೇ ಮನಸ್ಸು ಗಟ್ಟಿ ಮಾಡಿಕೊಂಡಿದ್ದ. ಅವಳು ನೀರಿನ ಲೋಟ ಅವನ ಮುಂದೆ ಸರಿಸಿದಳು, ಅಷ್ಟೇ.

“ಸಭೇಲಿ ಹಾಗಂತ ಹೇಳ್ತೀಯಾ?”

“ಹೇಳಲೇಬೇಕಲ್ಲ.”

ಅವನು ಉಪ್ಪಿನಕಾಯಿ ಸೇರಿಸಿದ ರೊಟ್ಟಿಯ ತುಂಡನ್ನು ಬಾಯಿಯ ಬಳಿ ತಂದ. ತಂದ ಕೈ ಅಲ್ಲೇ ನಿಂತಿತು.

ನಲವತ್ತರ ಮನೆಯ ವಿನೆಗರ್ ಬರೀ ಹುಳಿ, ಮೇಲೆ ಗಂಧಕದ ಘಾಟು. ಅಂಗಿಯೊಳಗಿನ ಪತ್ರಕ್ಕೆ ಬೇರೆ ವಾಸನೆಯಿತ್ತು. ಬೆಳಗಿನಿಂದ ಅದು ಅವನ ಮೂಗಿನ ಹತ್ತಿರವೇ ಸುಳಿದಾಡುತ್ತಿತ್ತು. ಹುಳಿಯ ಹಿಂದೆ ಒಂದು ಹಸಿರು ವಾಸನೆ, ಸೋಂಪಿನಂಥದು. ಎಲ್ಲೋ ಕಂಡ ಮುಖದ ಹೆಸರು ನೆನಪಾಗದಂತೆ ಕಾಡಿತ್ತು. ಈಗ ನೆನಪಾಯಿತು. ಏಳು ವರ್ಷ ಪ್ರತಿ ಭಾನುವಾರ ಅವನು ತಿಂದ ವಾಸನೆ ಅದು.

ಆಮೇಲೆ ಗುರುವಾರವೂ ನೆನಪಾಯಿತು. ಆ ದಿನ ಕೋಣೆಗೆ ಬಂದವರಲ್ಲಿ ಒಬ್ಬರನ್ನು ಅವನು ಎಣಿಸಿಯೇ ಇರಲಿಲ್ಲ. ನಲವತ್ತರ ಮನೆಯ ರೊಟ್ಟಿಗೆ ಹಿಟ್ಟು ಬರುವುದು ಗುರುವಾರ. ತರುವವಳು ದೆಶಾ. ಎಂದಿನಂತೆ ಅರ್ಧ ತಾಸು ಅವನ ಮೇಜಿನ ಬಳಿ ಕೂತು ಹೋಗಿದ್ದಳು. ವಾರವೆಲ್ಲ ಯಾವ ಅರ್ಧ ತಾಸಿಗಾಗಿ ಅವನು ಬದುಕುತ್ತಿದ್ದನೋ, ಅದನ್ನೇ ಲೆಕ್ಕದಿಂದ ಬಿಟ್ಟಿದ್ದ.

ಅವನು ರೊಟ್ಟಿಯನ್ನು ತಟ್ಟೆಗೆ ಇಟ್ಟ.

“ಬರೆದೋಳು ನೀನು.”

ದೆಶಾ ಕೈಗೆ ಅಂಟಿದ ಹಿಟ್ಟನ್ನು ನಿಧಾನವಾಗಿ ಒರೆಸಿಕೊಂಡಳು.

“ಯಾವುದರಲ್ಲಿ ಸಿಕ್ಕಿಬಿದ್ದೆ?”

“ಉಪ್ಪಿನಕಾಯಲ್ಲಿ.”

ಅವಳಿಗೆ ನಗು ಬಂತು. “ಹಳೇ ಹಾಳೇಲಿ ವಾಸನೆ ಹೋಗಿತ್ತು. ಬೇರೆ ವಿನೆಗರ್ ಮನೇಲಿ ಇರಲಿಲ್ಲ. ಇಪ್ಪತ್ತೆರಡು ವರ್ಷ ಗಂಧಕ ಕುಡಿದು ನಿನ್ನ ಮೂಗು ಸತ್ತಿರುತ್ತೆ ಅಂದ್ಕೊಂಡೆ.”

“ನಗಬೇಡ. ಸಿಕ್ಕಿಬಿದ್ರೆ ಸೆರೆಮನೆ ಅಂತ ಗೊತ್ತಿತ್ತಾ ನಿನಗೆ?”

“ಗೊತ್ತಿತ್ತು.”

“ಮತ್ಯಾಕೆ? ಪುಸ್ತಕಾನೂ ಧಣಿ ಪಾಲಾಗುತ್ತೆ. ಅವನ ಇಡೀ ಜೀವ ಅದರಲ್ಲಿತ್ತು.”

“ಅವನ ಜೀವ ಅದರಲ್ಲೇ ಇತ್ತು. ನೀನೇ ಹೇಳಿದೆಯಲ್ಲ.” ಅವಳು ಎದುರಿಗೆ ಕೂತಳು. “ಯಾಕೆ ಅಂತ ನೀನು ಕೇಳ್ತೀಯಾ? ಏಳು ವರ್ಷ ಕಣಯ್ಯ. ಭಾನುವಾರ ಬರ್ತೀಯ, ರೊಟ್ಟಿ ತಿಂತೀಯ, ಗಾಳಿ ಉತ್ತರದಿಂದ ಬೀಸ್ತಿದೆ ಅಂತೀಯ, ಎದ್ದು ಹೋಗ್ತೀಯ. ಗಾಳಿ ಯಾವ ಕಡೆಯಿಂದ ಬಂದ್ರೆ ನನಗೇನಾಗಬೇಕು? ನೀನು ಬಾಯಿ ಬಿಡೋ ಹೊತ್ತಿಗೆ ನನ್ನ ಬಾಯಲ್ಲಿ ಹಲ್ಲಿರಲ್ಲ.”

“ನೀನು ಬೇರೆಯವನ ಹೆಂಡತಿ.”

“ಅದಕ್ಕೇ ತಾನೇ ಬರೆದದ್ದು.”

ಒಳಗೆ ಬೀಸುಕಲ್ಲು ಗುರುಗುಟ್ಟುತ್ತಿತ್ತು. ಲುಕ್ಷಾ ತನ್ನ ಹಳದಿ ಬೆರಳುಗಳನ್ನೇ ನೋಡುತ್ತ ಕೂತ. ಇಪ್ಪತ್ತು ವರ್ಷದಿಂದ ಕೇಳಬೇಕೆಂದಿದ್ದ ಮಾತು ಅದು. ಕೇಳಿದ ಮೇಲೆ ಏನು ಮಾಡಬೇಕೆಂದು ಒಮ್ಮೆಯೂ ಯೋಚಿಸಿರಲಿಲ್ಲ.

“ಅವನು ಬದುಕಿದ್ರೆ?” ಎಂದ ಕೊನೆಗೆ.

ದೆಶಾ ಕಾಲುವೆಯ ಕಡೆ ಮುಖ ತಿರುಗಿಸಿದಳು. “ಬದುಕಿರೋರು ಮನೆಗೆ ಬರ್ತಾರೆ, ಲುಕ್ಷಾ. ಬರದೇ ಇರೋನು ಸತ್ತ ಹಾಗೇನೇ. ಆ ಕಂಬಿ ಮುಂದೆ ಕಣ್ಣಿಗೆ ಎಣ್ಣೆ ಬಿಟ್ಕೊಂಡು ಕಾದೋಳು ನಾನು. ನನಗೆ ಗೊತ್ತು.”

ಅವಳ ಕಣ್ಣು ತುಂಬಿತು. ಏಳು ವರ್ಷದಲ್ಲಿ ಅವಳು ಅಳುವುದನ್ನು ಅವನು ನೋಡಿರಲಿಲ್ಲ. ನೋಡಲು ಆಗಲಿಲ್ಲ.

“ನಾಳೆ ಹೌದು ಅಂತೀನಿ,” ಎಂದ.

“ಏನು?”

“ಪತ್ರ ನನ್ನ ಕೈ ದಾಟಿ ಬಂತು ಅಂತೀನಿ. ಇಪ್ಪತ್ತೆರಡು ವರ್ಷ ನಿಜ ಹೇಳಿದೀನಿ. ಒಂದು ಸುಳ್ಳಿನಷ್ಟು ಪುಣ್ಯ ಕೂಡಿರುತ್ತೆ.” ಅವನ ಧ್ವನಿ ಅವನಿಗೇ ಹೊಸದಾಗಿ ಕೇಳಿಸಿತು. “ವರ್ಷ ತುಂಬಲಿ. ಕರಿಬಟ್ಟೆ ತೆಗೆದ ದಿನ ನಾನು ಬರ್ತೀನಿ. ಗಾಳಿ ವಿಷಯ ಮಾತಾಡಲ್ಲ.”

ಅವಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಹಿಟ್ಟಿನ ಬೆರಳುಗಳ ಸಂದಿಯಲ್ಲಿ ನೀರು ಇಳಿಯಿತು. ಆ ಹೊತ್ತಿಗೆ ಲುಕ್ಷಾನಿಗೆ ಜಗತ್ತಿನಲ್ಲಿ ಇನ್ನೇನೂ ಬೇಕಾಗಿರಲಿಲ್ಲ.

ಬೀಸುಕಲ್ಲಿನ ಸದ್ದು ಬದಲಾಯಿತು. ಗುರುಗುಟ್ಟುವಿಕೆ ತಗ್ಗಿ, ಚಕ್ರ ಏದುಸಿರು ಬಿಡತೊಡಗಿತು. ಎರಡು ದಿನದ ಮಳೆಗೆ ನದಿ ಕೆಂಪಾಗಿತ್ತು. ಕಾಲುವೆಯ ಕಂಬಿಗೆ ಕಸ ಕಟ್ಟಿರಬೇಕು.

“ನಾನು ನೋಡ್ತೀನಿ,” ಎಂದು ಅವನು ಎದ್ದ.

“ಬೇಡ, ಬಿಡು. ಕಂಬಿ ನನ್ನ ಕೆಲಸ.”

ಅದು ಅವಳ ಹಳೆಯ ಹಟ. ಗಿರಣಿಯ ಆಳುಗಳನ್ನೂ ಅವಳು ಕಂಬಿಯ ಹತ್ತಿರ ಬಿಡುತ್ತಿರಲಿಲ್ಲ. ಗಂಡನ ಬಿಲ್ಲೆಗೆ ಕಾಯುತ್ತಾಳೆ ಪಾಪ ಎಂದು ಆಳುಗಳೂ ಸುಮ್ಮನಿದ್ದರು. ಇವತ್ತು ಲುಕ್ಷಾ ಆ ಮಾತಿಗೆ ಕಾಯಲಿಲ್ಲ. ಅವಳು ಮುಖ ಒರೆಸಿಕೊಳ್ಳುವಷ್ಟರಲ್ಲಿ ಹೊರಗೆ ಹೋಗಿ, ಮೊಣಕಾಲೂರಿ, ಕಂಬಿಯ ಬುಡಕ್ಕೆ ಕೈ ಹಾಕಿದ್ದ.

ಎಲೆ, ಬೇರು, ಸತ್ತ ಹಕ್ಕಿಯ ರೆಕ್ಕೆ. ಅದರಡಿಯಲ್ಲಿ ದುಂಡಗಿನದೊಂದು ಕೈಗೆ ತಗುಲಿತು.

ಕೆಸರು ಒರೆಸಿದ. ಎರಡು ಬೆರಳಗಲದ ಮರದ ಬಿಲ್ಲೆ.

ಬಿಲ್ಲೆ ಅವನ ಕೈಯದಲ್ಲ. ಅಂಚು ಒರಟು, ಅಂಕಿ ಕಬ್ಬಿಣದಿಂದ ಸುಟ್ಟದ್ದಲ್ಲ, ಚಾಕುವಿನಿಂದ ಕೆತ್ತಿದ್ದು. ನಲವತ್ತೊಂದು. ತಾನು ಕೊಟ್ಟ ನಲವತ್ತೂ ಮುಗಿದ ಮೇಲೆ ಯಾರೋ ಹೊಸದು ಮಾಡಿಕೊಂಡಿದ್ದಾರೆ. ಹಾಗಾದರೆ ಆ ನಲವತ್ತು ಎಲ್ಲಿ ಹೋದವು? ನದಿಯೇ ನುಂಗಿತೇ?

ಬಿಲ್ಲೆಯ ಹಿಂಬದಿ ತಿರುಗಿಸಿದ. ಅಲ್ಲೊಂದು ಪುಟ್ಟ ಚುಕ್ಕಿ ಕೆತ್ತಿತ್ತು. ಚುಕ್ಕಿಯಿಂದ ಹೊರಟ ಬಾಲ ಬಿಲ್ಲೆಯ ಆ ಅಂಚಿನ ತನಕ ಉದ್ದಕ್ಕೆ ಹರಡಿತ್ತು. ಕ್ರಿಸ್ಮಸ್‌ನಲ್ಲಿ ಊರೆಲ್ಲ ಹೆದರಿ ನೋಡಿದ ಬಾಲ. ಅದಕ್ಕೂ ಮೂರು ತಿಂಗಳ ಮೊದಲು ದ್ರಾಕ್ಷಿ ಕೊಯ್ಲಿಗೆ ಸತ್ತವನು ಆ ಚುಕ್ಕಿಯನ್ನು ಕಾಣುವಂತಿಲ್ಲ.

ನಿಕ್ಷಾ ಬದುಕಿದ್ದ. ಎರಡು ತಿಂಗಳ ಈಚೆಗೆ ಗುಡ್ಡದಾಚೆ ಎಲ್ಲೋ ಕೂತು, ತಲೆಯೆತ್ತಿ ಆಕಾಶ ನೋಡಿ, ತಲೆ ತಗ್ಗಿಸಿ ಇದನ್ನು ಕೆತ್ತಿದ್ದ. ಅವನ ನದಿಯೂ ನಿಜವಾಗಿತ್ತು. ನಕ್ಕ ಊರೆಲ್ಲ ಸುಳ್ಳಾಗಿ ಅವನೊಬ್ಬ ಗೆದ್ದಿದ್ದ.

ಲುಕ್ಷಾ ಬಿಲ್ಲೆಯನ್ನು ಮುಷ್ಟಿಯಲ್ಲಿ ಬಿಗಿಹಿಡಿದ. ಕಂಬಿಯ ಈಚೆ ಎಸೆದರೆ ಸಾಕು. ಚಕ್ರದಡಿ ಹಾದು ಸಂಜೆಯೊಳಗೆ ಸಮುದ್ರ ಸೇರುತ್ತದೆ. ನಾಳೆ ಒಂಬತ್ತಕ್ಕೆ ಒಂದು ಮಾತು. ಆಮೇಲೆ ಒಂದು ವರ್ಷ. ಇಪ್ಪತ್ತು ವರ್ಷ ಕಾದವನಿಗೆ ಒಂದು ವರ್ಷ ಯಾವ ಲೆಕ್ಕ? ಆದರೆ ಕೈ ಏಳಲಿಲ್ಲ. ಇವತ್ತಿನ ತನಕ ಒಂದು ಪತ್ರವನ್ನೂ ಅವನು ತಲುಪಿಸದೆ ಬಿಟ್ಟಿರಲಿಲ್ಲ, ಇದೂ ಒಂದು ಪತ್ರವೇ.

ಹಿಂದೆ ಹೆಜ್ಜೆ ಸದ್ದಾಯಿತು. ದೆಶಾ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ಅವನ ಮುಷ್ಟಿಯನ್ನು ನೋಡಿದಳು, ಮುಖವನ್ನು ನೋಡಿದಳು. ಅವಳ ಕಣ್ಣೀರು ಆಗಲೇ ಆರಿತ್ತು.

“ದೆಶಾ,” ಎಂದ ಅವನು.

“ಬಿಲ್ಲೆ ತಾನೆ?” ಎಂದು ಅವಳು ದಣಿದ ದನಿಯಲ್ಲಿ ಕೇಳಿ, ಅಂಗೈ ಚಾಚಿದಳು. “ಕೊಡಿಲ್ಲಿ. ಉಳಿದ ನಲವತ್ತರ ಜೊತೆ ಆ ದೊಡ್ಡ ಭರಣಿಗೆ ಹಾಕ್ತೀನಿ.”